ನೂರು ರೂಪಾಯಿ ಕಡಿತದಲ್ಲಿ ಉಳಿದ ಹಾಸ್ಟೆಲ್

ನಾನು ನಿವೃತ್ತಳಾಗುವ ಹಿಂದಿನ ವರ್ಷದ ಬಜೆಟ್ ಅಧಿವೇಶನ. ಆಗ ಬೆಂಗಳೂರಿನಲ್ಲಿ, ನಮ್ಮ ಇಲಾಖೆಯ ಕೇಂದ್ರ ಕಚೇರಿಯಲ್ಲಿ, ವಿದ್ಯಾರ್ಥಿನಿಲಯಗಳ ಕಟ್ಟಡ ಶಾಖೆಯ ಜಂಟಿ ನಿರ್ದೇಶಕಿಯಾಗಿದ್ದೆ. ನಾನು ಚಿಂತಾಮಣಿಯ ಹಾಸ್ಟೆಲಿನಲ್ಲಿ ಓದಿ ಬಂದವಳು. ಆ ಊರಿನ ಫೈಲು ನನ್ನ ಮೇಜಿಗೆ ಬಂದರೆ ಉಳಿದವುಗಳಿಗಿಂತ ಒಂದು ಕೈ ಮೇಲೆಯೇ ಇರುತ್ತಿತ್ತು. ಪಕ್ಷಪಾತ ಅಂದರೆ ಅನ್ನಿ, ಒಪ್ಪಿಕೊಳ್ಳುತ್ತೇನೆ.

ಅಲ್ಲಿನ ಹೆಣ್ಣುಮಕ್ಕಳ ಹಾಸ್ಟೆಲ್ ಬಾಡಿಗೆ ಕಟ್ಟಡದಲ್ಲಿತ್ತು. ಅದನ್ನು ಕೆಡವಿ ಕಲ್ಯಾಣ ಮಂಟಪ ಕಟ್ಟಬೇಕೆಂದು ಮಾಲೀಕರ ಆಸೆ. "ಸರ್ಕಾರ ಸ್ವಂತ ಕಟ್ಟಡ ಮಾಡುತ್ತೆ ಅಂದ್ರೆ ಅದು ಮುಗಿಯೋವರ್ಗೂ ಇರ್ಲಿ. ಇಲ್ಲಾಂದ್ರೆ ಜೂನ್‌ಗೆ ಖಾಲಿ ಮಾಡ್ಕೊಡಿ" ಎಂದಿದ್ದರು. ಅವರನ್ನು ದೂರುವಂತಿರಲಿಲ್ಲ. ನಿವೇಶನ ನಮ್ಮ ಹೆಸರಿನಲ್ಲಿತ್ತು, ನಕ್ಷೆಯೂ ಸಿದ್ಧವಿತ್ತು. ಆದರೆ ಬಂಡವಾಳ ವೆಚ್ಚದಲ್ಲಿ, ಅಂದರೆ ಕಟ್ಟಡ, ರಸ್ತೆ, ಸೇತುವೆಯಂಥ ಬಾಳಿಕೆಯ ಆಸ್ತಿಗಳಿಗೆ ಬಜೆಟ್ಟಿನಲ್ಲಿ ಎತ್ತಿಡುವ ಹಣದಲ್ಲಿ, ಹಣಕಾಸು ಇಲಾಖೆ ನಮ್ಮ ಕಟ್ಟಡವನ್ನು ಕೈಬಿಟ್ಟಿತ್ತು. ಕೇಳಿದ್ದಕ್ಕೆ "ಮುಂದಿನ ವರ್ಷ ನೋಡೋಣ" ಎಂಬ ಉತ್ತರ. ಜೂನ್ ತಿಂಗಳು ಮುಂದಿನ ವರ್ಷದವರೆಗೆ ಕಾಯುತ್ತದೆಯೇ?

ಕಟ್ಟಡ ಸಿಗದಿದ್ದರೆ ಹುಡುಗಿಯರನ್ನು ಸೀಟು ಖಾಲಿಯಿದ್ದ ಗೌರಿಬಿದನೂರಿನ ಹಾಸ್ಟೆಲಿಗೆ ಕಳಿಸಬೇಕಿತ್ತು. ಜಿಲ್ಲೆಯ ಈ ತುದಿಯಿಂದ ಆ ತುದಿಗೆ. ಎಷ್ಟು ಮನೆಯವರು ಕಳಿಸಿಯಾರು? ನಮ್ಮಪ್ಪನಾಗಿದ್ದರೆ ನನ್ನನ್ನು ಕಳಿಸುತ್ತಿರಲಿಲ್ಲ. ಶಾಲೆ ಬಿಡಿಸಿ ಮನೆಯಲ್ಲಿ ಕೂರಿಸುತ್ತಿದ್ದರು.

ಇಲ್ಲಿ ಒಂದು ನಿಯಮ ಹೇಳಲೇಬೇಕು. ಬಜೆಟ್ ಮಂಡನೆಯಾದ ಮೇಲೆ ಶಾಸಕರು ಅದಕ್ಕೆ ಹಣ ಸೇರಿಸುವಂತಿಲ್ಲ. ಹೆಚ್ಚಿಸುವ ಅಧಿಕಾರ ಸರ್ಕಾರದ್ದು, ಸದಸ್ಯರಿಗಿರುವುದು ಕಡಿಮೆ ಮಾಡಿ ಎನ್ನುವ ಹಕ್ಕು. ಹೀಗಾಗಿ ಕ್ಷೇತ್ರದ ಕೊರತೆಯೊಂದನ್ನು ಎತ್ತಬೇಕಾದವರು "ಈ ಇಲಾಖೆಯ ಬೇಡಿಕೆಯಲ್ಲಿ ನೂರು ರೂಪಾಯಿ ಕಡಿಮೆ ಮಾಡಬೇಕು" ಎಂದು ಸೂಚನೆ ಕೊಡುತ್ತಾರೆ. ಬೇಡಿಕೆ ಎಂದರೆ ಇಲಾಖೆ ಸದನದಿಂದ ಕೇಳುವ ಹಣ. ಇಂಥ ಸೂಚನೆಯೇ ಕಟ್ ಮೋಷನ್. ನೂರು ರೂಪಾಯಿ ಬರೀ ನೆಪ. ಮಂತ್ರಿಗಳು ಎದ್ದು ಉತ್ತರ ಕೊಡಬೇಕಾಗುತ್ತದೆ ಎನ್ನುವುದೇ ಅಸಲು. ವಿರೋಧ ಪಕ್ಷದವರಾದ ಚಿಂತಾಮಣಿಯ ಶಾಸಕರು ಹಾಸ್ಟೆಲಿಗಾಗಿ ಅಂಥದ್ದೊಂದು ಸೂಚನೆ ಕೊಟ್ಟಿದ್ದರು. ನನಗೆ ಒಳಗೊಳಗೇ ಖುಷಿ.

ಇಲಾಖಾ ಬೇಡಿಕೆಗಳ ಚರ್ಚೆಗೆ ಅದು ಕೊನೆಯ ದಿನ. ಸಂಜೆ ಐದಾದರೆ ಗಿಲೊಟಿನ್, ಅಂದರೆ ಉಳಿದ ಬೇಡಿಕೆಗಳನ್ನೆಲ್ಲ ಚರ್ಚೆಯಿಲ್ಲದೆ ಒಟ್ಟಿಗೆ ಮತಕ್ಕೆ ಹಾಕಿಬಿಡುತ್ತಾರೆ. ಊಟದ ನಂತರ ನಮ್ಮ ಇಲಾಖೆಯ ಸರದಿ ಬಂತು. ಅಧಿಕಾರಿಗಳ ಗ್ಯಾಲರಿಯಲ್ಲಿ ಕೂತಿದ್ದವಳು ನೀರು ಕುಡಿಯಲು ಮೊಗಸಾಲೆಗೆ ಬಂದೆ. ಫೋನ್ ಆನ್ ಮಾಡಿದ್ದೇ ತಡ, ಗಂಗರತ್ನಮ್ಮನ ಕರೆ. ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯವರು. ಅವರ ಮಗಳು ಪವಿತ್ರಾ ಹಾಸ್ಟೆಲಿನಲ್ಲಿದ್ದು ಒಂಬತ್ತನೇ ತರಗತಿ ಓದುತ್ತಿದ್ದಳು. ಪೋಷಕರ ಸಭೆಯಲ್ಲಿ ನನ್ನ ನಂಬರ್ ತೆಗೆದುಕೊಂಡಿದ್ದರು.

"ಏನ್ ಮೇಡಮ್ಮೋರೇ ಇದು, ಟೀವೀಲಿ ಬರ್ತಾ ಐತೆ! ನಮ್ಮ ಎಮ್ಮೆಲ್ಲೆನೇ ಹಾಸ್ಟೆಲ್ ಇಲಾಖೆ ದುಡ್ಡು ಕಮ್ಮಿ ಮಾಡಿ ಅಂದವ್ರಂತೆ. ನಾವೆಲ್ಲಾ ಅವ್ರ ಮನೆ ಮುಂದೆ ಕುಂತಿದ್ದೀವಿ. ವಾಪಸ್ ತಗೊಳ್ಳೋವರ್ಗೂ ಏಳಲ್ಲ."

ಮಂತ್ರಿಗಳ ಉತ್ತರಕ್ಕೆ ಮೊದಲೇ ಸೂಚನೆ ಹಿಂದೆಗೆದರೆ ವಿಷಯ ಅಲ್ಲಿಗೇ ಬಿದ್ದುಹೋಗುತ್ತದೆ. ಆಮೇಲೆ ಯಾರೂ ಯಾರಿಗೂ ಏನೂ ಹೇಳಬೇಕಿಲ್ಲ. ನಾನೇ ಶಾಸಕರಿಗೆ ಹೇಳೋಣವೆಂದರೆ ಸರ್ಕಾರಿ ನೌಕರಳು. ವಿರೋಧ ಪಕ್ಷದವರಿಗೆ ಹೀಗೆ ಮಾಡಿ ಎಂದು ಫೋನ್ ಮಾಡಿದರೆ ನೋಟಿಸ್ ಖಂಡಿತ. ಆದರೆ ಸದನದ ನಿಯಮ ಏನೆಂದು ಒಬ್ಬ ತಾಯಿಗೆ ತಿಳಿಸಬಾರದು ಎಂದು ಯಾವ ಕಾನೂನಿನಲ್ಲಿದೆ?

"ವಾಪಸ್ ತಗೊಂಡ್ರೆ ಕೆಲ್ಸ ಕೆಡುತ್ತೆ ಕಣಮ್ಮ. ಜಾಸ್ತಿ ಕೊಡಿ ಅಂತ ಕೇಳೋ ಹಂಗಿಲ್ಲ ಇಲ್ಲಿ. ಕಮ್ಮಿ ಮಾಡಿ ಅಂದ್ರೇನೇ ಮಂತ್ರಿಗಳು ಬಾಯಿ ಬಿಡೋದು."

"ಜಾಸ್ತಿ ಬೇಕು ಅಂದ್ರೆ ಕಮ್ಮಿ ಮಾಡಿ ಅನ್ಬೇಕಾ? ಇದ್ಯಾವ ಸೀಮೆ ನ್ಯಾಯ?" ಆ ಕಡೆ ಕೂಗಾಟ ಜೋರಾಗಿತ್ತು. ಅವರು ದನಿ ತಗ್ಗಿಸಿದರು. "ನಮ್ಮ ಪವಿತ್ರಾ ಮೇಲೆ ಆಣೆ ಮಾಡಿ ಹೇಳಿ. ನಂಬ್ತೀನಿ."

ನನ್ನ ಸರ್ವಿಸಿನಲ್ಲಿ ಎಷ್ಟೋ ಕಾಗದಕ್ಕೆ ಸಹಿ ಹಾಕಿದ್ದೇನೆ, ಆಣೆ ಮಾಡಿರಲಿಲ್ಲ. ಮಂತ್ರಿಗಳು ಏನು ಹೇಳುತ್ತಾರೋ ನನಗೂ ಗೊತ್ತಿಲ್ಲ. ಅವರಿಗೆಂದು ನಾವೇ ಸಿದ್ಧಪಡಿಸಿದ್ದ ಉತ್ತರದಲ್ಲಿ ಇದ್ದದ್ದು "ಪರಿಶೀಲಿಸಲಾಗುವುದು" ಎಂಬ ಒಣ ಮಾತು. ಆದರೂ ಆಣೆ ಮಾಡಿದೆ.

ಗ್ಯಾಲರಿಗೆ ಮರಳಿದಾಗ ಶಾಸಕರ ಆಸನ ಖಾಲಿ. ಫೋನ್ ಬಂತೆಂದು ಹೊರಗೆ ಹೋಗಿದ್ದರಂತೆ. ಗಡಿಯಾರ ಐದರ ಕಡೆ ಓಡುತ್ತಿತ್ತು. ಸಭಾಧ್ಯಕ್ಷರು ಅವರ ಹೆಸರು ಕರೆದರು. ಉತ್ತರವಿಲ್ಲ. ಎರಡನೇ ಸಲ ಕರೆಯುವಷ್ಟರಲ್ಲಿ ಮುಖ ಒರೆಸಿಕೊಳ್ಳುತ್ತಾ ಒಳಗೆ ಬಂದರು.

"ಸಭಾಧ್ಯಕ್ಷರೇ, ಈ ಸೂಚನೆ ವಾಪಸ್ ತಗೊಳ್ಳೋವರ್ಗೂ ಏಳಲ್ಲ ಅಂತ ನನ್ನ ಮತದಾರರೇ ನನ್ನ ಮನೆ ಮುಂದೆ ಕುಂತಿದ್ರು. ಈಗ ಅವ್ರೇ ಫೋನ್ ಮಾಡಿ, ವಾಪಸ್ ತಗೊಂಡ್ರೆ ಏಳಲ್ಲ ಅಂತಿದ್ದಾರೆ. ಮಂಡಿಸ್ತಿದ್ದೀನಿ."

ಸದನ ನಕ್ಕಿತು. ನನಗೆ ನಗು ಬರಲಿಲ್ಲ. ಮಂತ್ರಿಗಳಿಂದ ಚೀಟಿ ಬಂತು: "ಜಾಗ ಇದೆಯಾ?" ನಾನು ಬರೆದೆ: "ಜಾಗ ಇದೆ, ನಕ್ಷೆ ಇದೆ. ಜೂನ್‌ಗೆ ಬಾಡಿಗೆ ಮನೆ ಖಾಲಿ. ಮಕ್ಕಳು ಶಾಲೆ ಬಿಡುತ್ತಾರೆ." ಕೊನೆಯ ಮಾತು ಕಚೇರಿಯ ಶೈಲಿಯದಲ್ಲ, ಆದರೂ ಬರೆದೆ. ಮಂತ್ರಿಗಳು ಅದನ್ನು ಓದಿ, ಎದ್ದುಹೋಗಿ, ಹಣಕಾಸು ಖಾತೆಯ ಹೊಣೆ ಹೊತ್ತವರ ಬಳಿ ಬಗ್ಗಿ ಮಾತಾಡಿದರು. ಅವರು ತಲೆಯಾಡಿಸಿದ್ದು ಹೌದೆಂದೋ ಇಲ್ಲವೆಂದೋ ಅಷ್ಟು ದೂರದಿಂದ ತಿಳಿಯಲಿಲ್ಲ.

ಮಂತ್ರಿಗಳು ನಾವು ಸಿದ್ಧಪಡಿಸಿದ್ದ ಉತ್ತರವನ್ನು ಪಕ್ಕಕ್ಕಿಟ್ಟು ನಿಂತರು. "ಈ ವರ್ಷವೇ ಪೂರಕ ಅಂದಾಜಿನಲ್ಲಿ ಆ ಕಟ್ಟಡಕ್ಕೆ ಹಣ ಒದಗಿಸುತ್ತೇವೆ. ಮಕ್ಕಳನ್ನು ಸ್ಥಳಾಂತರಿಸುವುದಿಲ್ಲ." ಪೂರಕ ಅಂದಾಜು ಎಂದರೆ ವರ್ಷದ ನಡುವೆ ಸರ್ಕಾರವೇ ಸದನದ ಮುಂದಿಡುವ ಹೆಚ್ಚುವರಿ ಖರ್ಚು. ಸದನದಲ್ಲಿ ಆಡಿದ ಮಾತು ದಾಖಲೆಗೆ ಹೋಗುತ್ತದೆ, ಅದರ ಬೆನ್ನು ಹತ್ತಲು ಭರವಸೆಗಳ ಸಮಿತಿಯೇ ಇದೆ. ಶಾಸಕರು ಆಗ ಸೂಚನೆ ಹಿಂದೆಗೆದರು. ಸ್ವಲ್ಪ ಹೊತ್ತಿಗೆ ಉಳಿದ ಬೇಡಿಕೆಗಳೆಲ್ಲ ಒಟ್ಟಿಗೆ ಅಂಗೀಕಾರವಾದವು, ಮುಂದೆ ಖಜಾನೆಯಿಂದ ಹಣ ತೆಗೆಯಲು ಒಪ್ಪಿಗೆ ಕೊಡುವ ಧನವಿನಿಯೋಗ ವಿಧೇಯಕವೂ ಪಾಸಾಯಿತು. ಬಜೆಟ್ ಪುಸ್ತಕದಲ್ಲಿ ಒಂದು ರೂಪಾಯಿಯೂ ಆಚೀಚೆ ಆಗಲಿಲ್ಲ. ಹಾಸ್ಟೆಲ್ ಮಾತ್ರ ಚಿಂತಾಮಣಿಯಲ್ಲೇ ಉಳಿಯಿತು.

ಮಾತು ಕೊಟ್ಟಂತೆ ಹಣ ಬಂತು. ಕಟ್ಟಡ ಮುಗಿಯುವಷ್ಟರಲ್ಲಿ ನಾನು ನಿವೃತ್ತಳಾಗಿದ್ದೆ. ಪವಿತ್ರಾ ಹಳೆಯ ಕಟ್ಟಡದಲ್ಲೇ ಎಸ್ಸೆಸ್ಸೆಲ್ಸಿ ಮುಗಿಸಿ ಚಿಕ್ಕಬಳ್ಳಾಪುರದ ಕಾಲೇಜು ಸೇರಿದ್ದಳು. ಆದರೂ ಉದ್ಘಾಟನೆಗೆ ಗಂಗರತ್ನಮ್ಮ ಬಂದಿದ್ದರು. ಒಂದೊಂದೇ ಕೋಣೆಗೆ ಹೋಗಿ ಗೋಡೆ ಮುಟ್ಟಿ ನೋಡಿದರು.

ನಿಯಮವನ್ನು ನಾವು ಒಬ್ಬರಿಗೊಬ್ಬರು ಟಿಪ್ಪಣಿಯಲ್ಲಿ ಬರೆದುಕೊಳ್ಳುತ್ತೇವೆ. ಅದರಿಂದ ಬಾಳು ಏರುಪೇರಾಗುವವರಿಗೆ ಅದು ಗೊತ್ತಾಗುವುದು ಟೀವಿಯ ಅರ್ಧ ಸಾಲಿನಿಂದ. ಬಿಡಿಸಿ ಹೇಳುವುದೂ ನೌಕರಿಯ ಭಾಗವೆಂದು ನಾನು ಕಲಿತದ್ದು ಆ ಮೊಗಸಾಲೆಯಲ್ಲಿ.

ಹೊರಡುವಾಗ ಗಂಗರತ್ನಮ್ಮ ನನ್ನ ಕೈ ಹಿಡಿದುಕೊಂಡರು. ಮೇಡಮ್ಮೋರೇ ಎನ್ನಲಿಲ್ಲ. "ಮಗು ಮೇಲೆ ಆಣೆ ಮಾಡಿಸ್ಬಿಟ್ನಲ್ಲಾ ಅಂತ ಅವತ್ತಿಂದ ಭಯ ಇತ್ತಕ್ಕ. ಇವತ್ತು ಹೋಯ್ತು."

"ನನಗೂ ಇತ್ತಮ್ಮ" ಎಂದೆ.