ಪುಟ್ಟಯ್ಯ ಹೇಳದ ಮಳೆ

ಎಂಟೂವರೆ ದಾಟಿತ್ತು, ಅಪ್ಪನ ಫೋನ್ ಬರಲಿಲ್ಲ. ಬರುವುದಿಲ್ಲವೆಂದು ಅನುಷಾಗೆ ಗೊತ್ತಿತ್ತು. ಮಾಡಬೇಡವೆಂದವಳು ಅವಳೇ, ಅದಾಗಿ ವರ್ಷವಾಯಿತು. ಆದರೂ ಮಳೆ ಹಿಡಿದ ಬೆಳಿಗ್ಗೆಗಳಲ್ಲಿ ಅವಳ ಕಣ್ಣು ಶಿವಮೊಗ್ಗದ ದುರ್ಗಿಗುಡಿಯ ತನ್ನ ಮನೆಯ ಗೋಡೆ ಗಡಿಯಾರಕ್ಕೇ ಅಂಟಿಕೊಳ್ಳುತ್ತಿತ್ತು. ಅಪ್ಪ ಮಳೆ ಅಳೆಯುವುದನ್ನೇ ಬಿಟ್ಟುಬಿಟ್ಟಿದ್ದರೆ? ಬಿಟ್ಟಿದ್ದರೆ ಅದು ತನ್ನಿಂದಲೇ. ಹಾಲು ಕಾಯಿಸುವಾಗಲೂ, ಮಗಳ ತಲೆ ಬಾಚುವಾಗಲೂ ಈ ಯೋಚನೆ ಬೆನ್ನು ಬಿಡುತ್ತಿರಲಿಲ್ಲ.

ಅಪ್ಪ ಪುಟ್ಟಯ್ಯ ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದವರು. ಬಿದಿರು, ನೀಲಗಿರಿ ರಾಶಿ ಹಾಕುವ ಅಂಗಳದಲ್ಲಿ ಕೆಲಸ. ಅಲ್ಲೇ ಮೂಲೆಯಲ್ಲಿ, ತಂತಿಬೇಲಿಯೊಳಗೆ, ಒಂದು ಮಳೆಮಾಪಕವಿತ್ತು. ದಿನಾ ಬೆಳಿಗ್ಗೆ ಎಂಟೂವರೆಗೆ ಡಬ್ಬಿಯ ನೀರನ್ನು ಅಳತೆಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ನೋಡಿ, ಆಫೀಸಿಗೆ ಹೋಗಿ ಹೇಳುವುದು ಅವರ ಪಾಲಿಗೆ ಬಂದಿತ್ತು. ಅವರ ಬಾಯಲ್ಲಿ ಅಂಕಿಗಿಂತ ಮೊದಲು ಮಳೆಯ ಹೆಸರು ಬರುತ್ತಿತ್ತು. ಐದು ಮಿಲಿಮೀಟರಿನ ಒಳಗಾದರೆ ತುಂತುರು. ದಿನವಿಡೀ ಸಣ್ಣಗೆ ಸುರಿದದ್ದು ಸೋನೆ. ನಲವತ್ತು ದಾಟಿಯೂ ಹನಿ ಕಡಿಯದಿದ್ದರೆ ಅದು ಜಡಿ. ಕುಂಭದ್ರೋಣ ಎನ್ನುವ ಮಾತನ್ನು ಮಾತ್ರ ಜಿಪುಣರ ಹಾಗೆ ಕಾಯ್ದಿಟ್ಟುಕೊಂಡಿದ್ದರು. ಇಡೀ ನೌಕರಿಯಲ್ಲಿ ನಾಲ್ಕೇ ಸಲ ಅದನ್ನು ಆಡಿದ್ದು. ಮಿಲಿಮೀಟರ್ ಹೇಳು ಮಾರಾಯ, ಪುರಾಣ ಬೇಡ ಎಂದು ಅಧಿಕಾರಿ ಕಾಂತರಾಜ್ ರೇಗಿಸುತ್ತಿದ್ದರಂತೆ. ಕುಂಭದ್ರೋಣ ಎಂದ ದಿನ ಅದೇ ಕಾಂತರಾಜ್ ಲಾರಿಗಳನ್ನು ಗೇಟಿನಲ್ಲೇ ನಿಲ್ಲಿಸಿಬಿಡುತ್ತಿದ್ದರು.

ನಿವೃತ್ತಿಯ ದಿನ ಹಾರ, ಶಾಲು ಹಾಕಿ ಏನು ಬೇಕೆಂದು ಕೇಳಿದಾಗ, ಉಪಯೋಗಕ್ಕಿಲ್ಲದೆ ಬಿದ್ದಿದ್ದ ಹಳೆಯ ಮಾಪಕವೊಂದನ್ನು ಕೇಳಿ ತಂದರು. ಕಾರ್ಖಾನೆಯ ಬಡಾವಣೆಯಾದ ಕಾಗದನಗರದ ಕ್ವಾರ್ಟರ್ಸಿನಲ್ಲಿ ಮಗ ರೂಪೇಶ್, ಸೊಸೆ ವಿಮಲಾ ಜೊತೆಗಿದ್ದರು. ಆ ಮನೆಯ ಮುಂದೆಯೇ ನೆಟ್ಟರು. ಹೋಗಿ ಹೇಳಲು ಆಫೀಸಿರಲಿಲ್ಲ. ಹಾಗಾಗಿ ಮಗಳಿಗೆ ಫೋನ್ ಮಾಡುತ್ತಿದ್ದರು. ಅನು, ಜಡಿ ಕಣಮ್ಮ, ಐವತ್ತೆರಡು. ಅಷ್ಟು ಹೇಳಿ ಇಟ್ಟುಬಿಡುವರು.

ಹೋದ ಜುಲೈನ ಒಂದು ಬೆಳಿಗ್ಗೆ ಅವರ ದನಿಯೇ ಬೇರೆಯಾಗಿತ್ತು. ಕುಂಭದ್ರೋಣ, ನೂರಾ ಮೂವತ್ತು ಎಂದರು. ಮಳೆ ರಜೆ ಕೊಡುತ್ತಾರೋ ಇಲ್ಲವೋ ಎಂದು ಊರಿನ ತಾಯಂದಿರೆಲ್ಲ ಫೋನ್ ಹಿಡಿದು ಕೂತಿದ್ದ ಹೊತ್ತು. ಅನುಷಾಳದು ಮೊದಲೇ ಪುಕ್ಕಲು ಜೀವ. ಭದ್ರಾವತಿಯಲ್ಲಿ ಕುಂಭದ್ರೋಣ ಮಳೆಯಂತೆ, ನಾನಂತೂ ಮಗಳನ್ನು ಕಳಿಸಲ್ಲ ಎಂದು ತರಗತಿಯ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದಳು. ಒಬ್ಬರಿಂದೊಬ್ಬರಿಗೆ ಹೋಗುತ್ತ ಕಾಲು ಗಂಟೆಯಲ್ಲಿ ಅದು ರಜೆಯಂತೆ ಎಂದಾಯಿತು. ಅರ್ಧ ತರಗತಿ ಖಾಲಿ.

ಆ ಮಳೆ ನಡುದಾರಿಯ ಮಲವಗೊಪ್ಪ ದಾಟಿ ಈಚೆಗೆ ಬರಲೇ ಇಲ್ಲ. ಹತ್ತು ಗಂಟೆಗೆ ಶಿವಮೊಗ್ಗದಲ್ಲಿ ಒಳ್ಳೆ ಬಿಸಿಲು. ಗುಂಪಿನಲ್ಲಿದ್ದ ದೀಪಶ್ರೀ ತನ್ನ ತಾರಸಿಯಲ್ಲಿ ಒಣಗುತ್ತಿದ್ದ ಬಟ್ಟೆಯ ಫೋಟೊ ಹಾಕಿ, ಇಲ್ಲಿ ಕುಂಭದ್ರೋಣ ಕಣ್ರೀ ಅನುಷಾ, ಒಂದು ಕೊಡೆ ಕೊಡ್ತೀರಾ ಎಂದು ಕೇಳಿದಳು. ನಗುವ ಮುಖಗಳು ಸಾಲುಗಟ್ಟಿದವು. ಸುಳ್ಳು ಸುದ್ದಿ ಹಬ್ಬಿಸಬೇಡಿ ಎಂದು ಶಾಲೆಯಿಂದ ಸೂಚನೆಯೂ ಬಂತು.

ಅಪ್ಪ ಹೇಳಿದ್ದು ಭದ್ರಾವತಿಯ ಮಳೆ, ಅದೂ ಬಿದ್ದು ಮುಗಿದದ್ದು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಅದು ಗೊತ್ತಿದ್ದೂ ಅನುಷಾ ಫೋನ್ ಮಾಡಿ ಅಂದಿದ್ದಳು, "ನಿನ್ನ ಡಬ್ಬಿ ಮಳೆ ನಿನ್ನ ಹತ್ರಾನೇ ಇರ್ಲಿ ಅಪ್ಪ. ನಾಲ್ಕು ಜನರ ಮುಂದೆ ನನ್ನ ಮಾನ ಹೋಯ್ತು. ಇನ್ಮೇಲೆ ಹೇಳ್ಬೇಡ. ಮಳೆ ಎಂಥದ್ದು ಅಂತ ನನ್ನ ಫೋನಲ್ಲೇ ಬರುತ್ತೆ."

ಅಪ್ಪ ಆಯ್ತಮ್ಮ ಎಂದರು. ಮಾರನೆಯ ದಿನದಿಂದ ಆ ಫೋನ್ ನಿಂತಿತು. ಹಬ್ಬಕ್ಕೆ ಹೋದಾಗ ಊಟ, ಮಂಡಿನೋವು ಎಲ್ಲ ಮಾತಾಡಿದರು, ಮಳೆಯ ಸುದ್ದಿಗೆ ಬರಲಿಲ್ಲ. ಮಾಪಕದ ಬಾಯಲ್ಲಿ ತರಗೆಲೆ ತುಂಬಿದ್ರೂ ಮಾವ ತೆಗೆಯಲ್ಲ ಎಂದು ಯುಗಾದಿಯಲ್ಲಿ ವಿಮಲಾ ಪಿಸುಗುಟ್ಟಿದ್ದಳು. ಅಂದಿನಿಂದ ಅನುಷಾಳ ಎದೆಯಲ್ಲಿ ಮುಳ್ಳು.

ಇವತ್ತು ಶಿವಮೊಗ್ಗ, ಭದ್ರಾವತಿ ಎರಡೂ ತಾಲ್ಲೂಕಿಗೆ ನಿಜವಾಗಿಯೇ ರಜೆ. ರಾತ್ರಿಯಿಂದ ಧೋ ಎಂದು ಸುರಿಯುತ್ತಿದೆ, ಎದುರುಮನೆಯ ಗೇಟೂ ಕಾಣುತ್ತಿಲ್ಲ. ಕಿಟಕಿಗೆ ಮೂಗು ಒತ್ತಿ ನಿಂತಿದ್ದ ಆರು ವರ್ಷದ ಸುಮನಾ ಇದು ಯಾವ ಮಳೆ ಎಂದು ಕೇಳಿದಳು. ಹೆವಿ ರೇನ್ ಎಂದಳು ಅನುಷಾ. ಅದಲ್ಲ, ಅಜ್ಜ ಹೇಳೋ ಹೆಸರು ಎಂದಿತು ಮಗು. ಅನುಷಾಗೆ ಹೆಸರುಗಳೆಲ್ಲ ಗೊತ್ತಿದ್ದವು. ಆದರೆ ಇದು ಜಡಿಯೋ ಕುಂಭದ್ರೋಣವೋ, ಅಳೆದವರು ಯಾರು?

ಒಂಬತ್ತಕ್ಕೆ ಐದು ನಿಮಿಷವಿರುವಾಗ ತಾನೇ ಫೋನ್ ಮಾಡಿದಳು. ಅಪ್ಪ ಎತ್ತಿಕೊಂಡರು. ಅವರ ಹಿಂದೆ ತಗಡಿನ ಮೇಲೆ ಮಳೆ ಬಡಿಯುತ್ತಿತ್ತು.

"ಅಪ್ಪ, ಇವತ್ತು ಅಳೆದ್ಯಾ?"

"ಹ್ಞೂಂ. ನೂರಾ ನಲವತ್ತಾರು."

ಅಳೆದಿದ್ದಾರೆ. ಆದರೆ ಹೆಸರು ಮೊದಲು ಬರಬೇಕಿತ್ತು. ಕಾದಳು.

"ಅದಕ್ಕೆ ಏನಂತೀಯ ಅಪ್ಪ? ಸುಮನಾ ಕೇಳ್ತಿದಾಳೆ."



"ನಿನ್ನ ಫೋನಲ್ಲಿ ಏನಂತ ಬಂದಿದೆ?"

"ರೆಡ್ ಅಲರ್ಟ್ ಅಂತ."

"ಹಂಗಾದ್ರೆ ಅದೇ ಕಣಮ್ಮ," ಎಂದರು ಪುಟ್ಟಯ್ಯ. "ರೆಡ್ಡು. ಮಗೂಗೆ ಹಂಗೇ ಹೇಳು."