ಕಸದ ಲೆಕ್ಕದಾಗ ಬಿಟ್ಟುಹೋದ ಇಬ್ಬರು

ಸಂಶಿ ಬಾಜೂಕಿನ ಈ ಊರಾಗ ಇನ್ನೂ ಬೆಳಕು ಹರಿದಿಲ್ಲ. ಸಣ್ಣವ್ವ ಆಗಲೇ ಕಸದ ಗಾಡಿಯ ಗಾಲಿಗೆ ಮೆತ್ತಿದ ಮಣ್ಣನ್ನು ಕಳೆ ತೆಗೆಯುವ ಕುರ್ಚಿಗಿಯಿಂದ ಕೆರೆಯುತ್ತಿದ್ದಾಳೆ. ರಾತ್ರಿ ಮಳೆಯಾಗಿದೆ. ನಮ್ಮ ಎರೆಮಣ್ಣು ಒಮ್ಮೆ ಹಿಡಿಯಿತೆಂದರೆ ಮನೆಗೆ ಬಂದ ಬೀಗರಂಗ, ಸಲೀಸಾಗಿ ಬಿಡುವುದಿಲ್ಲ. ಪಕ್ಕದಾಗ ಜುಲೇಖಾಬಿ ಕೈಗವಸು ಏರಿಸುತ್ತಾಳೆ. ಒಬ್ಬಾಕಿ ಗಾಡಿ ಹೊಡೆಯುವಾಕಿ, ಇನ್ನೊಬ್ಬಾಕಿ ಕಸ ಎತ್ತುವಾಕಿ. ಇವತ್ತು ಇಬ್ಬರಿಗೂ ಒಳಗೊಳಗೇ ಅಳುಕು. ಹನ್ನೊಂದಕ್ಕೆ ಗ್ರಾಮಸಭೆ, ಗಾಡಿ ಇವರ ಕೈಯಾಗ ಉಳಿಯುತ್ತದೋ ಇಲ್ಲವೋ, ಅಲ್ಲೇ ತೀರ್ಮಾನ.

ಮೂರು ವರ್ಷದ ಹಿಂದೆ ಪಂಚಾಯಿತಿಯವರು ಗಾಡಿ ಕೊಟ್ಟು, ಮನೆಗೆ ಎಷ್ಟು ವಸೂಲಿ ಮಾಡಬೇಕೆಂದು ನೀವೇ ಅಂದಾಜು ಮಾಡ್ರಿ ಎಂದು ಇವರ ಮಹಿಳಾ ಸಂಘಕ್ಕೆ ಹೇಳಿದ್ದರು. ಸಣ್ಣವ್ವ ಕೂತು ಅಂದಾಜು ಮಾಡಿದಳು. ಡೀಸೆಲ್ಲು, ಟೈರು, ರಿಪೇರಿ. ಐದುನೂರು ಮನೆಗೆ ಹಂಚಿದರೆ ತಿಂಗಳಿಗೆ ಹತ್ತು ರೂಪಾಯಿ. ಊರು ಅಗದಿ ಖುಷಿ. ಬಿಟ್ಟುಹೋಗಿದ್ದು ಒಂದೇ, ಈ ಇಬ್ಬರ ಕೂಲಿ.

"ಮನ್ಯಾಗ ಕಸ ಹೊಡದ್ರ ಯಾರರ ಪಗಾರ ಕೊಡ್ತಾರೇನ್ರಿ? ಅದ ರೂಢಿ. ನಮ್ಮ ಕೂಲಿ ಹಿಡೀಬೇಕಂತ ತಲಿಗೇ ಬರಲಿಲ್ಲ," ಎಂದು ಸಣ್ಣವ್ವ ನಗುತ್ತಾಳೆ. ಇವರ ಸುದ್ದಿ ಬರೆಯಲು ಬಂದ ನನಗೆ ನಗು ಬರುವುದಿಲ್ಲ, ಸಿಟ್ಟು ಬರುತ್ತದೆ. ಹತ್ತು ರೂಪಾಯಿ ಕೊಟ್ಟ ಐದುನೂರು ಮನೆಯಾಗ ಒಬ್ಬರಿಗಾದರೂ, ಇವರು ಏನು ಉಣ್ಣುತ್ತಾರೆ ಅನ್ನಿಸಲಿಲ್ಲವಲ್ಲ.

ಹೊಟ್ಟೆ ಕೇಳಬೇಕಲ್ಲ. ಹೋದ ವರ್ಷ ಮೆಣಸಿನಕಾಯಿ ಬಿಡಿಸುವ ಸುಗ್ಗಿಯಾಗ ಇಬ್ಬರೂ ಹೊಲದ ಕೂಲಿಗೆ ಹೋದರು, ಗಾಡಿ ನಿಂತಿತು. ಹಸಿಕಸ ಹೇಗೋ ಅವರವರ ತಿಪ್ಪೆ ಸೇರಿತು. ಪ್ಲಾಸ್ಟಿಕ್ಕು, ಗುಟ್ಕಾ ಪಾಕೀಟು ಹಳ್ಳಕ್ಕೆ ಬಿದ್ದವು. ಅವನ್ನೇ ತಿಂದು ಜುಲೇಖಾಬಿಯ ಆಡು ಸತ್ತಿತು. ಈ ಸಲ ನಿಂತರೆ ಗಾಡಿ ಬೇರೆಯವರಿಗೆ ಎಂದು ಪಂಚಾಯಿತಿಯವರು ಹೇಳಿಬಿಟ್ಟಿದ್ದಾರೆ.

ಸಭೆಯಾಗ ಸಣ್ಣವ್ವ ಎದ್ದು ಹೊಸ ಅಂದಾಜು ಹೇಳುತ್ತಾಳೆ: ಮನೆಗೆ ನಲವತ್ತು. ಗುಜುಗುಜು ಏಳುತ್ತದೆ. ಹೋದ ವರ್ಷ ಇವರಿಬ್ಬರನ್ನೂ ಹೊಲದ ಕೂಲಿಗೆ ಕರೆದಿದ್ದ ಈರಪ್ಪ, "ಡೀಸೆಲ್ ಅಷ್ಟ್ ತುಟ್ಟಿ ಆಗೇತೇನಬೇ?" ಎಂದು ಕೇಳುತ್ತಾರೆ.

"ಡೀಸೆಲ್, ರಿಪೇರಿ ಎಲ್ಲಾ ಅದ ಹತ್ತ ರೀ. ಉಳಿದ ಮೂವತ್ತು ನಮ್ಮಿಬ್ಬರ ಕೂಲಿ." ಸಣ್ಣವ್ವ ಈರಪ್ಪನವರ ಕಡೆಗೇ ತಿರುಗುತ್ತಾಳೆ. "ನಿಮ್ಮ ಹೊಲದಾಗ ಮೆಣಸಿನಕಾಯಿ ಬಿಡಿಸಿದ್ರ ಸಂಜಿಗೆ ಕೂಲಿ ಕೊಡ್ತೀರಿ. ನಿಮ್ಮ ಬಾಗಲದಾಗಿನ ಕಸ ಎತ್ತಿದ್ರ ಯಾಕ ಬ್ಯಾಡ್ರಿ ಕಾಕಾ?"

ಈರಪ್ಪ ಟೋಪಿ ತೆಗೆದು ಮತ್ತೆ ಹಾಕಿಕೊಳ್ಳುತ್ತಾರೆ. "ಕೂಲಿ ಅಂದಮ್ಯಾಲೆ ಬಾಕಿ ಇಟಗೊಳ್ಳಾಕ ಬರೂದಿಲ್ಲ. ನಲವತ್ತು ಬರಕೋರಿ," ಎಂದು ಕೂಡುತ್ತಾರೆ. ಅವರು ಒಪ್ಪಿದ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ಕೈ ಎತ್ತುತ್ತಾರೆ. ಜುಲೇಖಾಬಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾಳೆ.

ಹೊರಗೆ ಬಂದು, ಇನ್ನೇನು ಆಸೆ ಎಂದು ಸಣ್ಣವ್ವನನ್ನು ಕೇಳುತ್ತೇನೆ. "ಗಾಡಿ ನಿಲ್ಲದಿದ್ರ ಸಾಕ್ರಿ," ಎನ್ನುತ್ತಾ ಕೀಲಿ ತಿರುವುತ್ತಾಳೆ. ಆಮೇಲೆ ಏನೋ ನೆನಪಾದವಳಂತೆ ಕಿಟಕಿಯಿಂದ ತಲೆ ಹೊರಹಾಕುತ್ತಾಳೆ.

"ಮನಿ ಕೆಲಸದ ಕೂಲಿ ಅಂದಾಜು ಇನ್ನೂ ಮಾಡಿಲ್ಲರಿ. ಮಾಡಿದ್ರ ನಮ್ಮ ಮನಿಯವರು ಊರು ಬಿಡ್ತಾರ."