ಅರ್ಧ ದರದ ಬ್ಯಾಲೆ

ಫೋನಿನಲ್ಲಿ ನಾನು ಎಷ್ಟೋ ಬ್ಯಾಲೆ ನೋಡಿದ್ದೇನೆ. ಅಂಗೈಯಗಲದ ಪರದೆಯಲ್ಲಿ ಅಷ್ಟೊಂದು ಜನ ಕುಣಿದರೆ ಒಬ್ಬೊಬ್ಬರು ಜೀರಿಗೆ ಕಾಳಿನಷ್ಟು ಕಾಣುತ್ತಾರೆ, ಆದರೂ ನೋಡುತ್ತೇನೆ. ಎಷ್ಟು ನೋಡಿದರೂ ಒಂದು ಸಂಗತಿ ಮಾತ್ರ ಸಿಗುವುದಿಲ್ಲ: ಎಲ್ಲರೂ ಒಟ್ಟಿಗೆ ನೆಗೆದು ಹಲಗೆಯ ಮೇಲೆ ಕಾಲಿಟ್ಟಾಗ ಎಂಥ ಸಪ್ಪಳ ಬರುತ್ತದೆ? ಫೋನಿನ ಸಂಗೀತ ಅದನ್ನೆಲ್ಲ ನುಂಗಿಬಿಡುತ್ತದೆ. ಒಮ್ಮೆಯಾದರೂ ಮುಂದೆ ಕೂತು ಆ ಸಪ್ಪಳ ಕೇಳಬೇಕು ಅಂತ ನನ್ನ ಆಸೆ. ಐವತ್ತರ ಹತ್ತಿರ ಬಂದ ಹೈಸ್ಕೂಲ್ ಟೀಚರಿಗೆ ಇದೂ ಒಂದು ಆಸೆಯೇ ಅಂತ ಕೇಳಬೇಡಿ. ಮನೆಯಲ್ಲಿ ಆಗಲೇ ಕೇಳಿದ್ದಾರೆ.

ಹೀಗಿರುವಾಗ ದಸರಾ ರಜೆಯಲ್ಲಿ ಕೊಟ್ಟೂರಿಗೇ ಒಂದು ತಂಡ ಬರುತ್ತದೆ ಅಂತ ಮೆಸೇಜು ಬಂತು. ಕಲ್ಯಾಣಮಂಟಪದಲ್ಲಿ ಬ್ಯಾಲೆ, ಮಧ್ಯಾಹ್ನದ ಹೊತ್ತು. ಕೂಡ್ಲಿಗಿಯಿಂದ ಕೊಟ್ಟೂರು ಏನು ದೂರ? ಆದರೆ ನಾನು, ಚಿಂತೆಯಿಲ್ಲದ ದಿನ ಯಾಕೆ ಚಿಂತೆಯಿಲ್ಲ ಅಂತ ಚಿಂತೆ ಮಾಡುವವಳು. ಒಬ್ಬಳೇ ಹೋದರೆ ಪಕ್ಕದ ಕುರ್ಚಿಯಲ್ಲಿ ಯಾರು ಕೂರುತ್ತಾರೋ, ಪರಿಚಯದವರು ಯಾರಾದರೂ ಸಿಕ್ಕು "ಒಬ್ರೇ ಬಂದೀರೇನ್ರಿ?" ಅಂದರೆ ಏನು ಹೇಳಲಿ, ವಾಪಸ್ ಬಸ್ಸು ಕೆಟ್ಟರೆ ಏನು ಗತಿ. ಮೆಸೇಜಿನ ಕೊನೆಯ ಸಾಲು ನನ್ನನ್ನು ಉಳಿಸಿತು. ಹತ್ತು ಜನ ಒಟ್ಟಿಗೆ ಬಂದರೆ ಟಿಕೆಟ್ ಅರ್ಧ ದರ, ಹತ್ತೂ ಜನ ಬಾಗಿಲಲ್ಲಿ ಹಾಜರಿರಬೇಕು. ಒಬ್ಬಳೇ ಹೋಗಲು ಧೈರ್ಯವಿಲ್ಲ ಅನ್ನುವುದಕ್ಕಿಂತ ಅರ್ಧ ದರಕ್ಕೆ ಜನ ಕೂಡಿಸುತ್ತಿದ್ದೇನೆ ಅನ್ನುವುದು ಎಷ್ಟೋ ಮರ್ಯಾದೆಯ ಮಾತು.

ಯಜಮಾನರಿಗೆ ಹೇಳಿದೆ. "ಆ ಹತ್ರಾಗ ನನ್ನ ಹಿಡೀಬ್ಯಾಡ" ಅಂದು ಪೇಪರಿನ ಹಿಂದೆ ಮರೆಯಾದರು.

ನಮ್ಮ ಓಣಿಯಲ್ಲಿ ಹಿಟ್ಟಿನ ಗಿರಣಿ ನಡೆಸುವಾಕೆ ಇದ್ದಾಳೆ. ಆಕೆಗೆ ಹೇಳಿದರೆ ಓಣಿಗೇ ಹೇಳಿದಂತೆ. ಹೋದಾಗ ಗಿರಣಿ ಓಡುತ್ತಿತ್ತು, ಕೂಗಿಯೇ ಹೇಳಬೇಕಾಯಿತು: "ಕೊಟ್ಟೂರಾಗ ಬ್ಯಾಲೆ ಐತಿ, ಹತ್ತು ಮಂದಿ ಕೂಡಿದ್ರ ಅರ್ಧ ರೇಟಂತ!"

"ಹತ್ತ್ಯಾಕ, ಇಪ್ಪತ್ತು ಮಂದಿ ಕರ್ಕೊಂಡು ಬರ್ತೀನಿ ಬಿಡ್ರಿ ಟೀಚರ" ಅಂದಳು, ಹಿಟ್ಟಿನ ಕೈ ಎತ್ತಿ. ನಮ್ಮ ಓಣಿಯ ಕಲಾಭಿಮಾನವನ್ನು ಇಷ್ಟು ವರ್ಷ ಕಡಿಮೆ ಅಂದಾಜು ಮಾಡಿದ್ದೆನಲ್ಲ ಅಂತ ನಾಚಿಕೆಯಾಯಿತು.

ಆ ದಿನ ಬಸ್‌ಸ್ಟ್ಯಾಂಡಿಗೆ ಒಂಬತ್ತು ಹೆಂಗಸರು ಬಂದರು. ನಾನು ಸೇರಿ ಹತ್ತು. ಎಲ್ಲರ ಕೈಯಲ್ಲೂ ಆಧಾರ್ ಕಾರ್ಡು, ಹೆಂಗಸರಿಗೆ ಬಸ್ಸು ಹೇಗೂ ಫ್ರೀ. ಎಲ್ಲರ ಕಂಕುಳಲ್ಲೂ ಒಂದೊಂದು ಕೈಚೀಲ. ಗಿರಣಿಯಾಕೆಯ ಅತ್ತೆಯಂತೂ ಗೊಬ್ಬರದ ಚೀಲವನ್ನೇ ತೊಳೆದು ಮಡಚಿ ತಂದಿದ್ದಳು. ಇವರೆಲ್ಲ ಅಲ್ಲೇ ವಸ್ತಿ ಮಾಡುವ ಲೆಕ್ಕದಲ್ಲಿದ್ದಾರೋ ಏನೋ ಅಂತ ನನಗೆ ಹೊಸ ಚಿಂತೆ ಹತ್ತಿತು.

ಬಸ್ಸು ಊರು ದಾಟಿದ ಮೇಲೆ ಅತ್ತೆ ಕೇಳಿದಳು. "ಟೀಚರವ್ವ, ಪಾಳಿ ಹಚ್ಚಿ ಭಾಳ ಹೊತ್ತು ನಿಲ್ಬೇಕೇನು? ನನ್ನ ಮೊಣಕಾಲು ನೋಯ್ತಾವು."

"ನಿಲ್ಲೂದು ಎಲ್ಲಿದಮ್ಮ? ಕುರ್ಚಿ ಹಾಕಿರ್ತಾರ. ಎರಡು ತಾಸು ಆರಾಮ ಕುಂತು ನೋಡೂದು."

"ಬ್ಯಾಳಿನ ಎರಡು ತಾಸು ಏನ್ ನೋಡೂದು?" ಅಂತ ಆಕೆ ಸೊಸೆಯತ್ತ ತಿರುಗಿದಳು.

"ಹುಳಾ-ಪಳಾ ನೋಡಿ ತಗೋಳ್ರಿ ಅಂತಿರಬೇಕು ಬಿಡತ್ತಿ" ಅಂದಳು ಸೊಸೆ.

ಹಿಂದಿನ ಸೀಟಿನಿಂದ ಇನ್ನೊಬ್ಬಳು, "ತೊಗರಿಬ್ಯಾಳಿನೋ ಕಡ್ಲಿಬ್ಯಾಳಿನೋ, ಅದನ್ನರ ಹೇಳ್ರಿ ಟೀಚರ."

ಆಗ ನನ್ನ ತಲೆಗೆ ಹೊಳೆಯಿತು. ನಮ್ಮ ಕಡೆ ಮನೆ ಮನಿಯಾಗುತ್ತದೆ, ಸಂತೆ ಸಂತಿಯಾಗುತ್ತದೆ, ಬೇಳೆ ಬ್ಯಾಳಿಯಾಗುತ್ತದೆ. ಟೀಚರು ಶಾಲೆಯ ಭಾಷೆಯಲ್ಲಿ ಬ್ಯಾಲೆ ಅಂದಿದ್ದಾಳೆ, ಪಾಪ, ನಾಲಗೆ ಹೊರಳಿಲ್ಲ ಅಂತ ಗಿರಣಿಯಾಕೆ ತಾನೇ ತಿದ್ದಿ ಓಣಿಗೆಲ್ಲ ಹಂಚಿದ್ದಳು. ದೀಪಾವಳಿ ಮುಂದಿದೆ, ಹೋಳಿಗೆ ಆಗಬೇಕು, ಕೊಟ್ಟೂರಿನ ಪೇಟೆಯಲ್ಲಿ ಬೇಳೆ ಅರ್ಧ ರೇಟಿಗೆ ಸಿಕ್ಕರೆ ಯಾರು ಬಿಡುತ್ತಾರೆ?

ನಿಜ ಹೇಳಿದೆ. 

"ಕುಣ್ಯೂದು ನೋಡಾಕ? ರೊಟ್ಟಿ ಬಡ್ಯೂದು ಬಿಟ್ಟು ಬಂದೀನಿ ನಾನು!" ಅಂದಳು ಹಿಂದಿನ ಸೀಟಿನಾಕೆ.

"ಅರ್ಧ ರೇಟಿಗೆ ಅವರು ಅರ್ಧಾನ ಕುಣಿತಾರೇನ್ರಿ?" ಅಂದಳು ಗಿರಣಿಯಾಕೆ. ಬಸ್ಸೆಲ್ಲ ನಕ್ಕಿತು, ಕಂಡಕ್ಟರೂ ನಕ್ಕ.

ಬೇರೆ ದಿನವಾಗಿದ್ದರೆ ಎಲ್ಲರಿಗೂ ಕೈಮುಗಿದು ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸ್ ಬರುತ್ತಿದ್ದೆ. ಅಂದು ಯಾಕೋ ಹಟ ಬಂತು. "ಹತ್ತೂ ಟಿಕೀಟು ನಂದು. ಯಾರೂ ವಾಪಸ್ ಹೋಗಂಗಿಲ್ಲ" ಅಂದೆ. ಅರ್ಧ ಟಿಕೆಟ್ ಉಳಿಸಹೋಗಿ ಐದು ಪೂರಾ ಟಿಕೆಟಿನ ದುಡ್ಡು ತೆತ್ತ ನಾನು ಶಾಲೆಯಲ್ಲಿ ಕಲಿಸುವುದು ಗಣಿತ.

ಎಂಟು ಜನ ಒಪ್ಪಿದರು. ಅತ್ತೆ ಮಾತ್ರ, "ನಾ ಬ್ಯಾಳಿಗೆ ಅಂತ ಬಂದಾಕಿ, ಬ್ಯಾಳಿ ತಗೊಂಡೇ ಹೋಗಾಕಿ" ಅಂದು, ಕೊಟ್ಟೂರಿನಲ್ಲಿ ಇಳಿದವಳೇ ಸೀದಾ ಪೇಟೆಯ ಕಡೆ ನಡೆದಳು. ಮೊಣಕಾಲು ನೋವು ಎಲ್ಲಿ ಹೋಗಿತ್ತೋ. ಆಕೆ ತಪ್ಪಿದರೆ ನಾವು ಒಂಬತ್ತೇ, ಅರ್ಧ ದರವಿಲ್ಲ, ಎಲ್ಲರಿಗೂ ಪೂರಾ ಕೊಡುವಷ್ಟು ನನ್ನ ಪರ್ಸಿನಲ್ಲಿರಲಿಲ್ಲ. ಹಿಂದೆ ಓಡಿದೆ. ಕಿರಾಣಿ ಅಂಗಡಿಯಲ್ಲಿ ಆಕೆ ನನ್ನತ್ತ ಬೊಟ್ಟು ಮಾಡಿ, "ಅರ್ಧ ರೇಟು ಅಂತ ಈಕಿನ ಹೇಳ್ಯಾಳ, ಕೇಳ್ರಿ ಬೇಕಾದ್ರ" ಅಂತ ಸಾಹುಕಾರರ ಜೊತೆ ಜಗಳಕ್ಕೆ ನಿಂತಿದ್ದಳು. ಸಾಹುಕಾರರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅತ್ತೆ ಗೊಣಗುತ್ತ ಪೂರಾ ದುಡ್ಡು ಎಣಿಸಿ ಕೊಟ್ಟಿದ್ದೇ ತಡ, ನಾನು ತೊಗರಿಬೇಳೆಯ ಚೀಲವನ್ನು ಹೆಗಲಿಗೇರಿಸಿ, ಅತ್ತೆಯ ರಟ್ಟೆ ಹಿಡಿದು, ಮಂಟಪಕ್ಕೆ ಎಳೆದೊಯ್ದೆ.

ಬಾಗಿಲಲ್ಲಿ ಟಿಕೆಟಿನವರು ತಡೆದರು. "ಒಳಗ ತಿನ್ನೂ ಸಾಮಾನು ಒಯ್ಯಂಗಿಲ್ರಿ."

"ಹಸೀ ಬ್ಯಾಳಿ ತಿಂತೀವೇನಪ್ಪ ನಾವು?" ಅಂದಳು ಅತ್ತೆ. ಅವರು ಹತ್ತು ತಲೆ ಎಣಿಸಿ ಒಳಗೆ ಬಿಟ್ಟರು.

ಮೂರನೆಯ ಸಾಲು ಸಿಕ್ಕಿತು. ವೇದಿಕೆಗೆ ಹಲಗೆ ಹಾಸಿದ್ದರು, ಕುಣಿಯುವವರು ಬರಿಗಾಲಿನಲ್ಲಿದ್ದರು. ರಾಜನೊಬ್ಬ ಜಿಂಕೆಯ ಬೆನ್ನು ಹತ್ತುವ ಕಥೆ. ಆದರೆ ನಮ್ಮವರೆಲ್ಲ ಬಯಲಾಟ ನೋಡಿ ಬೆಳೆದವರು. ಪಾತ್ರ ಬಂದು ನಾನು ಇಂಥವನು ಅಂತ ಗುಡುಗಬೇಕು. "ಯಾಕ ಮಾತಾಡವಲ್ರು?" "ಮೈಕು ಕೆಟ್ಟೈತೇನು?" ಕೊನೆಗೆ ಗಿರಣಿಯಾಕೆಗೆ ತಡೆಯಲಾಗಲಿಲ್ಲ. "ಎಲೈ ಜಿಂಕಿಯೇ, ಎಲ್ಲಿಗೆ ಓಡುವಿ!" ಅಂತ ರಾಜನ ಪರವಾಗಿ ತಾನೇ ಕೂಗಿದಳು. ಆ ತುದಿಯಿಂದ ಇನ್ನೊಬ್ಬಳು, "ನಿನ್ನ ಕೈಗೆ ಸಿಗುವಾಕಿ ನಾನಲ್ಲವೋ!" ಅಂದಳು. ಸುತ್ತಲಿನವರು ನಕ್ಕರು, ಮುಂದಿನವರು ತಿರುಗಿ ನೋಡಿದರು. ನಾನು ಕುರ್ಚಿಯಲ್ಲಿ ಆದಷ್ಟು ಕೆಳಗೆ ಜಾರಿದೆ. ಈ ಗದ್ದಲದಲ್ಲಿ, ಆ ಸಂಗೀತದಲ್ಲಿ, ಒಂದು ಹೆಜ್ಜೆಯ ಸಪ್ಪಳವೂ ಕೇಳಿರಲಿಲ್ಲ.

ಆಗ ಇದ್ದಕ್ಕಿದ್ದಂತೆ ಸಂಗೀತ ನಿಂತಿತು. ಬೇಟೆಯ ಘಟ್ಟ. ಜಿಂಕೆಗಳ ಹಿಂಡೆಲ್ಲ ಕಾಲಿನ ತಾಳಕ್ಕೇ ಓಡತೊಡಗಿತು.

"ಕರೆಂಟ್ ಹೋತು!"

"ಫ್ಯಾನ್ ತಿರಗಾಕತ್ತಾವಲ್ಲಬೇ!"

"ಮತ್ತ ಪೇಟಿ-ತಬಲಾ ನಿಂತ ಮ್ಯಾಲೆ ಕುಣ್ಯೂದ್ಯಾಕ?"

ನಾನು ಎದ್ದು ನಿಂತೆ. "ಬಾಯಿ ಮುಚ್ಚಿ ಕುಂದರ್ರಿ ಎಲ್ಲಾರೂ!"

ಅದು ಹಿಂದಿನ ಬೆಂಚಿನವರಿಗೆಂದು ಇಟ್ಟುಕೊಂಡ ದನಿ, ಇಷ್ಟು ವರ್ಷದಲ್ಲಿ ಶಾಲೆಯಲ್ಲೂ ಅಷ್ಟು ಜೋರಾಗಿ ಹೊರಟಿರಲಿಲ್ಲ. ನಮ್ಮ ಒಂಬತ್ತು ಜನರ ಜೊತೆ ಇಡೀ ಮಂಟಪ ಗಪ್ಪಾಯಿತು. ಮೊದಲ ಸಾಲಿನಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದ ದೊಡ್ಡವರೂ ಫೋನ್ ಇಳಿಸಿದರು.

ಕೇಳಿಸಿತು. ಮೊದಲು ಒಣ ಶೇಂಗಾ ಕಣದಲ್ಲಿ ಸುರಿದ ಹಾಗೆ, ಚೆಲ್ಲಾಪಿಲ್ಲಿ. ಆಮೇಲೆ ಎಲ್ಲರೂ ಒಟ್ಟಿಗೆ ನೆಗೆದರು. ಹಲಗೆ ಒಮ್ಮೆ ದಡ್ಡೆಂದಿತು, ಆ ಅದುರು ನೆಲದಿಂದ ನನ್ನ ಅಂಗಾಲಿಗೆ ಬಂತು. ನಾನು ಲೆಕ್ಕಕ್ಕೇ ಹಿಡಿಯದಿದ್ದ ಇನ್ನೊಂದೂ ಕೇಳಿಸಿತು, ಅವರ ಏದುಸಿರು.

"ಕುಂದರ್ರಿ ಅಕ್ಕಾರ, ಹಿಂದ ಕಾಣವಲ್ದು" ಅಂದರು ಯಾರೋ.

"ಒಂದೀಟು ತಡೀರಿ" ಅಂದೆ, ತಿರುಗಿ ನೋಡದೆ. ಸಂಗೀತ ಮತ್ತೆ ಶುರುವಾದ ಮೇಲೆಯೇ ಕೂತೆ.